ಒಂಬತ್ತನೇ ಕೇಂದ್ರದಾಗ ಒಂದೇ ದಿನಕ್ಕ 2,137 ಮಿಮೀ ಮಳಿ! ನಂಪೈ ಬಾಯಿ ಬಿಡವಲ್ದು, ಜಿಎಸ್‌ಎಲ್ ಅರ್ಧಕ್ಕೇ ಸಾಯ್ತದ

ಕೋಥರೂಡ್‌ಕರ · ಸೋಮವಾರ, ರಾತ್ರಿ 11:20

ನಮಸ್ಕಾರ್ರಿ ಎಲ್ಲಾರಿಗೂ. ಫೋನಿನಾಗ ಕನ್ನಡ ಕೀಬೋರ್ಡ್ ಅಷ್ಟೇ ಅದ, ಕೋಡಿನ ಹೆಸರೂ ಕನ್ನಡದಾಗ ಹೊಡೀತೀನಿ, ತಿಳಕೊಂಡು ಓದ್ರಿ.

ನಾ ಒಂದು ಸಣ್ಣ ಕನ್ಸಲ್ಟನ್ಸಿಯೊಳಗ ಇದ್ದೀನಿ. ಕೆಲಸ ಏನಂದ್ರ ಘಟ್ಟದ ಸೆರಗಿನ 14 ಮಳಿ ಕೇಂದ್ರದ 30 ವರ್ಷದ ದಿನದ ಲೆಕ್ಕ ತಗೊಂಡು, ನೂರು ವರ್ಷಕ್ಕೊಮ್ಮೆ ಬರೋ ಒಂದು ದಿನದ ಮಳಿ ಎಷ್ಟು ಅಂತ ಅಂದಾಜು ಹಾಕೋದು. ಅದರ ಮ್ಯಾಲೆ ಮೋರಿ, ಸಣ್ಣ ಸೇತುವೆ ಡಿಸೈನ್ ಆಗ್ತಾವು. ವರ್ಷದ ಅತಿ ಹೆಚ್ಚಿನ ಮಳಿಯ ಲಾಗ್ (ಲಾಗರಿದಮ್) ತಗೋತೀವಿ, ಸರಾಸರಿ ಮತ್ತ ವಿಚಲನೆ (ಸಂಖ್ಯೆಗಳು ಎಷ್ಟು ಚದುರ್ಯಾವು ಅನ್ನೋದು) ತಗೀತೀವಿ, ಅಷ್ಟ. 13 ಕೇಂದ್ರ ಸರಿ ಬಂದಾವು. ಒಂಬತ್ತನೇದ್ದು ಮಾತ್ರ 2,137 ಮಿಮೀ ಅಂತದ. ಒಂದು ಎಚ್ಚರಿಕಿ ಇಲ್ಲ, ಒಂದು ದೋಷ ಇಲ್ಲ, ಸುಮ್ಮ ಚಂದಾಗಿ ಟೇಬಲ್‌ದಾಗ ಕೂತದ.

ನನಗಿಂತ ಮೊದಲಿದ್ದವರು ಬರದ ಪೈಥಾನ್ ಕೋಡ್, ನಂಪೈ (ಎನ್‌ಪಿ) ಅನ್ನೋ ಲೆಕ್ಕದ ಲೈಬ್ರರಿ ಬಳಸ್ತದ. ಮ್ಯಾಲಿನ ಸಾಲಿನಾಗ ಎನ್‌ಪಿ.ಸೆಟ್‌ಎರ್(ಆಲ್='ಇಗ್ನೋರ್') ಅಂತ ಅದ.

ಇನ್ನೊಂದು ತಲಿನೋವು. ಅದೇ ಪ್ರಾಜೆಕ್ಟಿನಾಗ ಸಿ ಭಾಷೆಯ ಒಂದು ಪ್ರೋಗ್ರಾಮ್ ಅದ, ಮಳಿಯಿಂದ ಹೊಳಿ ನೀರು ಲೆಕ್ಕ ಹಾಕತದ, ಜಿಎಸ್‌ಎಲ್ ಲೈಬ್ರರಿ ಬಳಸ್ತದ. ಜೂನ್ ತಿಂಗಳಷ್ಟೇ ಓಡಿಸಿದ್ರ ಏನೂ ಆಗಂಗಿಲ್ಲ. ಇಡೀ ಮಳಿಗಾಲ ಓಡಿಸಿದ್ರ ಪ್ರತಿ ಸಲ ಆಗಸ್ಟ್ 28ರ ಮಧ್ಯಾಹ್ನ 2ಕ್ಕ ಬಂದು ಸಾಯ್ತದ. 'ಅಂಡರ್‌ಫ್ಲೋ' ಅಂತದ, 'ಡಿಫಾಲ್ಟ್ ಎರರ್ ಹ್ಯಾಂಡ್ಲರ್' ಅಂತದ, ಮುಗೀತು. ಆ ದಿನದ ಡೇಟಾ ನೋಡೀನಿ, ಅದರಾಗೇನೂ ಇಲ್ಲ.

ಒಂದು ಲೈಬ್ರರಿ ಬಾಯೇ ಬಿಡಂಗಿಲ್ಲ, ಇನ್ನೊಂದು ಸಣ್ಣದಕ್ಕೂ ಎದಿ ಬಡಕೊಂಡು ಬೀಳ್ತದ. ಎರಡನ್ನೂ ಹದಕ್ಕ ತರೋದು ಹ್ಯಾಂಗ್ರಿ?

ಶಟಲ್‌_ಬಸ್ · ಸೋಮವಾರ, ರಾತ್ರಿ 11:41

ಎರಡನೆಯದಕ್ಕೆ ಒಂದು ಸಾಲು ಸಾಕು ಮಾರಾಯ್ರೆ. ಮೇನ್ ಶುರುವಾಗುವಲ್ಲಿ ಜಿಎಸ್‌ಎಲ್_ಸೆಟ್_ಎರರ್_ಹ್ಯಾಂಡ್ಲರ್_ಆಫ್() ಅಂತ ಹಾಕಿ. ತಪ್ಪಾದಾಗ ಪ್ರೋಗ್ರಾಮ್ ನಿಲ್ಲಿಸುವ ಹ್ಯಾಂಡ್ಲರ್ ಆರುತ್ತದೆ, ಸಾಯುವುದು ನಿಲ್ಲುತ್ತದೆ. ಮೊದಲನೆಯದಕ್ಕೆ ಒಂಬತ್ತನೇ ಕೇಂದ್ರ ತೆಗೆದು ಬಿಸಾಡಿ, 13 ಇವೆಯಲ್ಲ.

ಹಿಂಜವಡಿ_ಅಕ್ಕ · ಸೋಮವಾರ, ರಾತ್ರಿ 11:58

@ಶಟಲ್‌_ಬಸ್ ನಿಮ್ಮಂಥವರು ಬಿಟ್ಟುಹೋದ ಕೋಡನ್ನೇ ನಾನು ಹಗಲೂ ರಾತ್ರಿ ರಿಪೇರಿ ಮಾಡೋದು. :)

@ಕೋಥರೂಡ್‌ಕರ ಮೊದಲು ನಂಪೈ ನೋಡೋಣ. ಅದರಲ್ಲಿ ನಾಲ್ಕು ಜಾತಿಯ ತಕರಾರು ಇವೆ. ಡಿವೈಡ್ ಅಂದ್ರೆ ಸೊನ್ನೆಯಿಂದ ಭಾಗಿಸಿದ್ದು. ಸೊನ್ನೆಯ ಲಾಗ್ ಕೂಡ ಇದೇ ಲೆಕ್ಕಕ್ಕೆ ಬರುತ್ತೆ. ಓವರ್ ಅಂದ್ರೆ ಸಂಖ್ಯೆ ಹಿಡಿಸಲಾರದಷ್ಟು ದೊಡ್ಡದಾಗಿದ್ದು, ಅಂಡರ್ ಅಂದ್ರೆ ಸೊನ್ನೆಗೆ ತೀರಾ ಹತ್ತಿರ ಹೋಗಿದ್ದು. ಇನ್‌ವ್ಯಾಲಿಡ್ ಅಂದ್ರೆ ಅರ್ಥವೇ ಇಲ್ಲದ ಲೆಕ್ಕ, ಉದಾಹರಣೆಗೆ ಋಣ ಸಂಖ್ಯೆಯ ಲಾಗ್. ಯಾರೂ ಕೈ ಹಾಕದಿದ್ರೆ ಅಂಡರ್‌ಗೆ ಮಾತ್ರ ಮೌನ, ಉಳಿದ ಮೂರಕ್ಕೂ ಎಚ್ಚರಿಕೆ ಕೊಡುತ್ತೆ. ಇದು ಯೋಚಿಸಿಯೇ ಇಟ್ಟ ವ್ಯವಸ್ಥೆ. ನಿಮ್ಮ ಹಿಂದಿನವರು 'ಆಲ್' ಅಂತ ಒಂದೇ ಏಟಿಗೆ ಮೂರರ ಬಾಯಿಗೂ ಬಟ್ಟೆ ತುರುಕಿದ್ದಾರೆ.

ಆ ಸಾಲು ತೆಗೆದು, ಅದೇ ಜಾಗದಲ್ಲಿ 'ಇಗ್ನೋರ್' ಬದಲು 'ರೇಸ್' ಹಾಕಿ, ಅಂಡರ್ ಒಂದನ್ನ ಇಗ್ನೋರ್‌ನಲ್ಲೇ ಬಿಡಿ. ಈಗ ತಕರಾರು ಹುಟ್ಟಿದ ಸಾಲಿನಲ್ಲೇ ಫ್ಲೋಟಿಂಗ್‌ಪಾಯಿಂಟ್‌ಎರರ್ ಎದ್ದು ಪ್ರೋಗ್ರಾಮ್ ನಿಲ್ಲುತ್ತೆ. ರಾತ್ರಿ ಓಡೋ ಕೆಲಸಕ್ಕೆ ಇದು ಬೇಡ, ಹುಳ ಹುಡುಕೋಕೆ ಮಾತ್ರ. ಎಲ್ಲಿ ನಿಲ್ಲುತ್ತೆ ಅಂತ ನೋಡಿ ಹೇಳಿ.

ಬರೀ 'ವಾರ್ನ್' ಇಟ್ಟರೆ ಸಾಲದಾ ಅಂತ ಕೇಳಬಹುದು. ಪೈಥಾನ್ ಒಂದೇ ಜಾಗದಿಂದ ಬರೋ ಒಂದೇ ಎಚ್ಚರಿಕೆಯನ್ನ ಮೊದಲ ಸಲ ಮಾತ್ರ ಮುದ್ರಿಸಿ ಆಮೇಲೆ ಸುಮ್ಮನಾಗುತ್ತೆ. 14 ಕೇಂದ್ರವನ್ನ ಒಂದೇ ಲೂಪಿನಲ್ಲಿ ಓಡಿಸಿದ್ರೆ ಎರಡನೇ ಕೇಂದ್ರದಲ್ಲಿ ಬಂದ ಎಚ್ಚರಿಕೆ ಒಂಬತ್ತರಲ್ಲಿ ಮತ್ತೆ ಕಾಣಿಸೋದೇ ಇಲ್ಲ.

ಕೋಥರೂಡ್‌ಕರ · ಮಂಗಳವಾರ, ಬೆಳಿಗ್ಗೆ 10:15

ಅಕ್ಕಾ, ಮಾಡಿದೆ. ಲಾಗ್ ತಗೊಳ್ಳೋ ಸಾಲಿನಾಗೇ ನಿಂತದ. 'ಡಿವೈಡ್ ಬೈ ಝೀರೋ ಎನ್‌ಕೌಂಟರ್ಡ್ ಇನ್ ಲಾಗ್'. ಕೇಂದ್ರ ಒಂಬತ್ತೇ. ಆದ್ರ ವರ್ಷದ ಅತಿ ಹೆಚ್ಚಿನ ಮಳಿ ಸೊನ್ನಿ ಹ್ಯಾಂಗ ಆದೀತು? ಅದು ಘಟ್ಟರಿ, ರಾಜಸ್ಥಾನ ಅಲ್ಲ.

ಮುಂದಿನ ಸಾಲು ನೋಡಿದ ಮ್ಯಾಲೆ ಇನ್ನಷ್ಟು ತಲಿ ತಿರುಗಿತು. ಎನ್‌ಪಿ.ನ್ಯಾನ್_ಟು_ನಮ್ ಅಂತ ಕರದಾರ, ಅದರಾಗ ನೆಗ್‌ಇನ್ಫ್=0.0 ಅಂತ ಕೊಟ್ಟಾರ, ಅಂದ್ರ ಋಣ ಅನಂತ ಬಂದ್ರ ಸೊನ್ನಿ ಮಾಡು ಅಂತ.

ಹಳೇ_ಫೋರ್ಟ್ರಾನ್ · ಮಂಗಳವಾರ, ಬೆಳಿಗ್ಗೆ 11:30

ಸಿಂಹಗಡ ರಸ್ತೆಯಲ್ಲಿ ಕೂತು ಮಳೆ ನೋಡುತ್ತ ಇದನ್ನು ಓದುತ್ತಿದ್ದೆ. ತಮ್ಮಾ, ಕಳ್ಳ ಸಿಕ್ಕಿದ.

ಸೊನ್ನೆಯ ಲಾಗ್ ಋಣ ಅನಂತ. ಐಟ್ರಿಪಲ್‌ಇ 754 (ಕಂಪ್ಯೂಟರಿನ ದಶಾಂಶ ಲೆಕ್ಕದ ಮಾನಕ) ಸೊನ್ನೆಯಿಂದ ಭಾಗಿಸುವ ಜಾತಿಯ ತಕರಾರಿಗೆ 1985ರಿಂದಲೂ ಹೇಳುವುದು ಇಷ್ಟೇ: ಉತ್ತರವಾಗಿ ಅನಂತ ಕೊಡು, ಜೊತೆಗೆ ಒಂದು ಬಾವುಟ ಎತ್ತು. ಬಾವುಟವನ್ನು ನಿಮ್ಮವರು ಸೆಟ್‌ಎರ್‌ನಿಂದ ಇಳಿಸಿದರು, ಅನಂತವನ್ನು ಸೊನ್ನೆ ಮಾಡಿ ಹೂತರು. ಆದರೆ ಹೂತ ಜಾಗ ನೋಡು. ಅದು ಲಾಗ್ ಲೋಕದ ಸೊನ್ನೆ. ಲಾಗ್ ಸೊನ್ನೆ ಎಂದರೆ ಮಳೆ ಒಂದು. ಅಂದರೆ ನಿಮ್ಮ ಕೋಡ್ ಹೇಳುತ್ತಿರುವುದು, ಘಟ್ಟದ ಆ ಊರಿನಲ್ಲಿ ಒಂದು ವರ್ಷ ಪೂರ್ತಿ ಹುಡುಕಿದರೂ ಒಂದು ದಿನಕ್ಕೆ ಒಂದು ಮಿಲಿಮೀಟರಿಗಿಂತ ಹೆಚ್ಚು ಮಳೆಯೇ ಬೀಳಲಿಲ್ಲ ಅಂತ.

ಮಳೆ ಕಡಿಮೆ ಅಂದುಕೊಂಡರೆ ಅಂದಾಜೂ ಕಡಿಮೆ ಬರಬೇಕಲ್ಲ, 2,137 ಹೇಗೆ ಬಂತು ಅಂತ ನನಗೂ ಒಂದು ಗಳಿಗೆ ಅನ್ನಿಸಿತು. ಚಹಾ ಕುಡಿಯುತ್ತ ಕಾಗದದ ಮೇಲೆ ಹಾಕಿ ನೋಡಿದೆ. ಒಳ್ಳೆಯ 28 ವರ್ಷಗಳ ಲಾಗ್ ಸರಾಸರಿ 5, ವಿಚಲನೆ 0.35 ಅಂತ ಇಟ್ಟುಕೋ. ನೂರು ವರ್ಷದ ಅಂದಾಜಿಗೆ ಸರಾಸರಿಯ ಮೇಲೆ 2.326 ಪಟ್ಟು ವಿಚಲನೆ ಕೂಡಿಸಬೇಕು. 5.81 ಆಗುತ್ತದೆ, ಮಳೆಗೆ ತಿರುಗಿಸಿದರೆ ಸುಮಾರು 335 ಮಿಮೀ. ಈಗ ಎರಡು ವರ್ಷಕ್ಕೆ ಸೊನ್ನೆ ಸೇರಿಸು. ಸರಾಸರಿ 4.67ಕ್ಕೆ ಇಳಿಯಿತು, ಆದರೆ ವಿಚಲನೆ 0.35 ಇದ್ದದ್ದು 1.29ಕ್ಕೆ ಹಾರಿತು. 4.67ಕ್ಕೆ 2.326 ಗುಣಿಸು 1.29 ಕೂಡಿಸಿದರೆ 7.67. ಮಳೆಗೆ ತಿರುಗಿಸಿದರೆ ಎರಡು ಸಾವಿರದ ನೂರರ ಮೇಲೆ. ಸರಿಸುಮಾರು ನಿನ್ನ ಸಂಖ್ಯೆಯೇ. 30 ವರ್ಷದಲ್ಲಿ ಎರಡು ವರ್ಷ ಹೀಗಾಗಿರಬೇಕು, ತೆಗೆದು ನೋಡು.

ಅದೃಷ್ಟಕ್ಕೆ ತಪ್ಪು ಇಷ್ಟು ದೊಡ್ಡದಾಗಿತ್ತು. 2005ರ ಜುಲೈ 26ರಂದು ಮುಂಬಯಿಯ ಸಾಂತಾಕ್ರೂಜ್‌ನಲ್ಲಿ 24 ಗಂಟೆಗೆ 944 ಮಿಮೀ ಬಿದ್ದು ಊರೇ ಮುಳುಗಿತು. ಇಡೀ ಜಗತ್ತಿನ 24 ಗಂಟೆಯ ದಾಖಲೆ 1966ರಲ್ಲಿ ರೀಯೂನಿಯನ್ ದ್ವೀಪದಲ್ಲಿ ಬಿದ್ದ 1,825. ನಿನ್ನದು ಅದನ್ನೂ ಮೀರಿದ್ದರಿಂದ ಕಣ್ಣಿಗೆ ಬಿತ್ತು. 400 ಬಂದಿದ್ದರೆ ನೀನು ವರದಿಗೆ ಸಹಿ ಹಾಕಿ ಕಳಿಸುತ್ತಿದ್ದೆ.

ಶಟಲ್‌_ಬಸ್ · ಮಂಗಳವಾರ, ಬೆಳಿಗ್ಗೆ 11:52

ಒಪ್ಪಿದೆ ಸರ್. ಬಿಸಾಡುವ ಸಲಹೆ ಹಿಂದಕ್ಕೆ ತಗೊಂಡೆ. ಹ್ಯಾಂಡ್ಲರ್ ಆಫ್ ಸಲಹೆ ಮಾತ್ರ ಇನ್ನೂ ಬಿಡುವುದಿಲ್ಲ.

ಹಳೇ_ಫೋರ್ಟ್ರಾನ್ · ಮಂಗಳವಾರ, ಮಧ್ಯಾಹ್ನ 3:05

ಊಟ ಮುಗಿಸಿ ಬಂದೆ. ಆಗಸ್ಟ್ 28ಕ್ಕೆ ಬರೋಣ. ಇದು ನನಗೆ ಭಾಳ ಸೇರಿದ ಒಗಟು.

ತಮ್ಮಾ, ನೀವು ಬಳಸುತ್ತಿರುವುದು ನ್ಯಾಶ್ ಮಾದರಿ ಇರಬೇಕು. ಮಳೆ ನಿಂತ ಮೇಲೆ ಹೊಳೆ ಇಳಿಯುವುದನ್ನು ಅದು ಒಂದು ಘಾತೀಯ ಬಾಲದಲ್ಲಿ ಹೇಳುತ್ತದೆ: ಇ ಯ ಘಾತ ಮೈನಸ್ ಟಿ ಭಾಗಿಸು ಕೆ. ಟಿ ಎಂದರೆ ಶುರುವಿನಿಂದ ಕಳೆದ ಗಂಟೆ, ಕೆ ಎಂದರೆ ಹೊಳೆ ಎಷ್ಟು ನಿಧಾನ ಇಳಿಯುತ್ತದೆ ಎಂದು ಹೇಳುವ ಗಂಟೆ. ಕೆ ಎಷ್ಟು ಇಟ್ಟಿದ್ದೀರಿ? 3 ಗಂಟೆ ಅಂತ ನನ್ನ ಊಹೆ. ಯಾಕೆಂದರೆ ಜಿಎಸ್‌ಎಲ್‌ನ ಎಕ್ಸ್‌ಪ್ ಫಂಕ್ಷನ್ (ಇ ಯ ಘಾತ ತೆಗೆಯುವುದು) ಮೈನಸ್ 708.4ರ ಕೆಳಗೆ ಹೋದರೆ ಅಂಡರ್‌ಫ್ಲೋ ಅನ್ನುತ್ತದೆ. 708.4ನ್ನು 3ರಿಂದ ಗುಣಿಸಿದರೆ 2,125 ಗಂಟೆ ಚಿಲ್ಲರೆ. ಗಂಟೆಗೊಂದು ಹೆಜ್ಜೆ ಇಟ್ಟರೆ ಗಡಿ ದಾಟುವುದು 2,126ನೇ ಗಂಟೆಯಲ್ಲಿ. ಜೂನ್ 1ರ ನಡುರಾತ್ರಿಯಿಂದ ಎಣಿಸಿಕೊಂಡು ಬಾ. 88 ದಿನ, ಮೇಲೆ 14 ಗಂಟೆ. ಆಗಸ್ಟ್ 28, ಮಧ್ಯಾಹ್ನ 2.

ಡೇಟಾದಲ್ಲಿ ಏನೂ ಸಿಗದಿದ್ದದ್ದು ಅದಕ್ಕೇ. ಜೂನ್ ಒಂದೇ ಓಡಿಸಿದರೆ 720 ಗಂಟೆ, ಘಾತ 240ಕ್ಕೇ ಮುಗಿಯುತ್ತದೆ, ಗಡಿಯ ಹತ್ತಿರವೂ ಬರುವುದಿಲ್ಲ. ಇಡೀ ಮಳೆಗಾಲ 122 ದಿನ.

ಕೋಥರೂಡ್‌ಕರ · ಮಂಗಳವಾರ, ಮಧ್ಯಾಹ್ನ 3:22

ಕೆ 3 ಗಂಟೆನೇ ಅದರಿ ಸರ!! ನೀವೇನು ನನ್ನ ಲ್ಯಾಪ್‌ಟಾಪಿನಾಗ ಕೂತೀರೇನ್ರಿ?

ಎಂಟೆಕ್_ಹುಡುಗಿ · ಮಂಗಳವಾರ, ಮಧ್ಯಾಹ್ನ 3:40

ಸರ್, ಒಂದು ಪ್ರಶ್ನೆ. ಅಷ್ಟು ಸಣ್ಣ ಸಂಖ್ಯೆ ಅಂದ್ರೆ ಉತ್ತರ ಸೊನ್ನೆ ಅಂತ ತಗೊಂಡ್ರೂ ಹೊಳೆಗೆ ಒಂದು ಹನಿ ವ್ಯತ್ಯಾಸ ಆಗಲ್ಲ. ಹಾಗಿದ್ಮೇಲೆ ಲೈಬ್ರರಿ ಯಾಕೆ ಪೂರ್ತಿ ಪ್ರೋಗ್ರಾಮನ್ನೇ ಕೊಲ್ಲುತ್ತೆ?

ಹಳೇ_ಫೋರ್ಟ್ರಾನ್ · ಮಂಗಳವಾರ, ಸಂಜೆ 4:30

ಒಳ್ಳೆಯ ಪ್ರಶ್ನೆ ತಂಗಿ. ಲೈಬ್ರರಿಗೆ ಹೊಳೆ ಗೊತ್ತಿಲ್ಲ. ಕರೆದವನಿಗೆ ಆ ಸೊನ್ನೆ ನಡೆಯುತ್ತದೋ, ಮುಂದೆ ಅದರಿಂದಲೇ ಭಾಗಿಸುತ್ತಾನೋ ಅದಕ್ಕೆ ತಿಳಿಯುವುದಿಲ್ಲ. ಹಾಗಾಗಿ ಜಿಎಸ್‌ಎಲ್ ಬರೆದವರು ಸುಮ್ಮನಿರುವುದಕ್ಕಿಂತ ಕೂಗಿ ಬೀಳುವುದು ಲೇಸು ಎಂದು ತೀರ್ಮಾನಿಸಿದರು. ಮೂಲ ಹ್ಯಾಂಡ್ಲರ್ ಫೈಲಿನ ಹೆಸರು, ಸಾಲಿನ ಸಂಖ್ಯೆ, ಕಾರಣ ಮೂರನ್ನೂ ಮುದ್ರಿಸಿ, ಅಬಾರ್ಟ್ ಕರೆದು ಪ್ರೋಗ್ರಾಮನ್ನೇ ಕೊಲ್ಲುತ್ತದೆ. ಇದು ಕೋಡ್ ಬರೆದು ಪರೀಕ್ಷಿಸುವ ಕಾಲಕ್ಕೆ ಒಪ್ಪುತ್ತದೆ. ನಿಜವಾದ ಕೆಲಸಕ್ಕೆ ಇಳಿಸಿದಾಗ ಅದನ್ನು ಆರಿಸಿ, ಪ್ರತಿ ಫಂಕ್ಷನ್ ಹಿಂತಿರುಗಿಸುವ ಸ್ಥಿತಿ ಸಂಖ್ಯೆಯನ್ನು ನೀವೇ ನೋಡಿಕೊಳ್ಳಿ ಎಂದು ಅದರ ಕೈಪಿಡಿಯೇ ಹೇಳುತ್ತದೆ.

ನಮ್ಮ ಕಾಲದಲ್ಲಿ ಈ ಜಗಳ ಬೇರೆ ರೂಪದಲ್ಲಿತ್ತು. ನ್ಯಾಗ್ ಲೈಬ್ರರಿಯ ಫೋರ್ಟ್ರಾನ್ ರೂಟೀನುಗಳಿಗೆ ಐಫೇಲ್ ಎಂಬ ಕೊನೆಯ ಆರ್ಗ್ಯುಮೆಂಟ್. ಒಳಗೆ ಹೋಗುವಾಗ 0 ಕೊಟ್ಟರೆ ತಪ್ಪಾದಾಗ ಸಂದೇಶ ಮುದ್ರಿಸಿ ಅಲ್ಲೇ ನಿಲ್ಲುತ್ತದೆ. 1 ಕೊಟ್ಟರೆ ಮಾತಿಲ್ಲದೆ ಹಿಂತಿರುಗುತ್ತದೆ. ಮೈನಸ್ 1 ಕೊಟ್ಟರೆ ಸಂದೇಶ ಮುದ್ರಿಸಿ ಹಿಂತಿರುಗುತ್ತದೆ. ಹೊರಗೆ ಬಂದ ಮೇಲೆ ಅದೇ ಐಫೇಲ್‌ನಲ್ಲಿ ತಪ್ಪಿನ ಸಂಖ್ಯೆ ಕೂತಿರುತ್ತದೆ. ಎಲ್ಲರೂ 1 ಕೊಡುತ್ತಿದ್ದರು, ಹೊರಬಂದ ಸಂಖ್ಯೆಯನ್ನು ಯಾರೂ ನೋಡುತ್ತಿರಲಿಲ್ಲ. ಯಾರನ್ನು ಬೈಯಲಿ, ಪ್ರಿಂಟರಿನ ಕಾಗದ ಉಳಿಸಲಿಕ್ಕೆ ನಾನೂ 1 ಕೊಟ್ಟವನೇ.

ಐಎಂಎಸ್‌ಎಲ್ ಎಂಬ ಇನ್ನೊಂದು ಲೈಬ್ರರಿ ಇನ್ನೂ ನಾಜೂಕು. ತಪ್ಪಿಗೆ ಮೆಟ್ಟಿಲು ಕಟ್ಟಿತ್ತು. ನೋಟ್, ಅಲರ್ಟ್, ವಾರ್ನಿಂಗ್, ಫೇಟಲ್, ಟರ್ಮಿನಲ್. ಮೊದಲೆರಡಕ್ಕೆ ಮುದ್ರಣವೂ ಇಲ್ಲ, ನಿಲ್ಲುವುದೂ ಇಲ್ಲ. ವಾರ್ನಿಂಗ್ ಮುದ್ರಿಸಿ ಮುಂದೆ ಹೋಗುತ್ತದೆ. ಕೊನೆಯೆರಡು ಮುದ್ರಿಸಿ ನಿಲ್ಲುತ್ತವೆ. ಎರ್‌ಸೆಟ್ ಎಂಬ ಒಂದು ಕರೆಯಲ್ಲಿ ಪ್ರತಿ ಮೆಟ್ಟಿಲಿಗೂ 'ಮುದ್ರಿಸಲೇ' ಮತ್ತು 'ನಿಲ್ಲಲೇ' ಎಂಬ ಎರಡನ್ನೂ ಬೇರೆ ಬೇರೆ ತಿರುಗಿಸಬಹುದಿತ್ತು. ಹೇಳುವುದು ಬೇರೆ, ನಿಲ್ಲುವುದು ಬೇರೆ. ಇವತ್ತಿನ ಎಷ್ಟೋ ಲೈಬ್ರರಿಗಳು ಈ ಎರಡನ್ನೂ ಒಂದೇ ಗಂಟು ಹಾಕಿಟ್ಟಿವೆ ಅಂತ ನನ್ನ ತಕರಾರು.

ಈಗ @ಶಟಲ್‌_ಬಸ್ ಅವರ ಸಲಹೆ. ಆಫ್ ಮಾಡಿದರೆ ಆಗಸ್ಟ್ 28 ದಾಟುತ್ತದೆ, ನಿಜ. ಅಂಡರ್‌ಫ್ಲೋ ಆದಲ್ಲಿ ಸೊನ್ನೆ ಸಿಗುತ್ತದೆ. ಆದರೆ ಆ ಹ್ಯಾಂಡ್ಲರ್ ಇಡೀ ಪ್ರೋಗ್ರಾಮಿಗೆ ಒಂದೇ. ಅಂಡರ್‌ಫ್ಲೋಗೆ ಆರಿಸಿದರೆ ಓವರ್‌ಫ್ಲೋಗೂ ಆರಿತು, ಮೆಮೊರಿ ಸಿಗದೆ ವೆಕ್ಟರ್ ಹುಟ್ಟದಿದ್ದರೂ ಆರಿತು, ಇಂಟಿಗ್ರೇಶನ್ ದಡ ಸೇರದಿದ್ದರೂ ಆರಿತು. ಹಾಗಾಗಿ ಆರಿಸಿದ ಮೇಲೆ ಫಂಕ್ಷನ್ನಿನ ಸಾದಾ ರೂಪ ಬಿಟ್ಟು, ಹೆಸರಿನ ಕೊನೆಗೆ '_ಇ' ಇರುವ ರೂಪವನ್ನೇ ಕರೆಯಬೇಕು. ಸಾದಾ ರೂಪ ಬರೀ ಸಂಖ್ಯೆ ಕೊಡುತ್ತದೆ. '_ಇ' ರೂಪ ಸ್ಥಿತಿ ಸಂಖ್ಯೆ ಕೊಡುತ್ತದೆ, ಉತ್ತರ ಮತ್ತು ಅದರ ದೋಷದ ಅಂದಾಜನ್ನು ಬೇರೆ ಪೆಟ್ಟಿಗೆಯಲ್ಲಿ ಹಾಕುತ್ತದೆ. ಸ್ಥಿತಿ 0 ಆದರೆ ಎಲ್ಲ ಸರಿ. 15 ಅಂಡರ್‌ಫ್ಲೋ, ನಿಮ್ಮ ಹೊಳೆಗೆ ಇದು ನಡೆಯುತ್ತದೆ, ಸೊನ್ನೆ ತಗೊಂಡು ಮುಂದೆ ಹೋಗಿ. 16 ಓವರ್‌ಫ್ಲೋ. ಅದೂ, ಉಳಿದ ಯಾವ ಸಂಖ್ಯೆಯೂ ನಡೆಯುವುದಿಲ್ಲ, ನಿಲ್ಲಿಸಿ.

ಹಿಂಜವಡಿ_ಅಕ್ಕ · ಮಂಗಳವಾರ, ಸಂಜೆ 7:10

ಬಸ್ಸಿನಲ್ಲಿ ನಿಂತು ಟೈಪ್ ಮಾಡ್ತಿದೀನಿ, ತಪ್ಪಿದ್ರೆ ಕ್ಷಮಿಸಿ.

ಸರ್ ಹೇಳಿದ್ದಕ್ಕೆ ಎರಡು ಮಾತು ಸೇರಿಸ್ತೀನಿ. ಒಂದು, ಪೂರ್ತಿ ಆರಿಸೋ ಬದಲು ಸ್ವಂತ ಹ್ಯಾಂಡ್ಲರ್ ಬರೆದು ಜಿಎಸ್‌ಎಲ್_ಸೆಟ್_ಎರರ್_ಹ್ಯಾಂಡ್ಲರ್‌ಗೆ ಕೊಡಬಹುದು. ಕಾರಣದ ವಾಕ್ಯ, ಫೈಲು, ಸಾಲು, ಸಂಖ್ಯೆ ಈ ನಾಲ್ಕೂ ಅದರ ಕೈಗೆ ಸಿಗುತ್ತವೆ. ದಾಖಲೆ ಫೈಲಿಗೆ ಬರೆದು ಸುಮ್ಮನೆ ಹಿಂತಿರುಗಿದ್ರೆ, ಮೂಲ ಫಂಕ್ಷನ್ ಸ್ಥಿತಿ ಸಂಖ್ಯೆಯೊಂದಿಗೆ ನಿಮಗೇ ವಾಪಸ್ ಬರುತ್ತೆ. ಆಗ ಹೇಳುವುದು ಹ್ಯಾಂಡ್ಲರ್ ಕೆಲಸ, ನಿಲ್ಲುವುದು ನಿಮ್ಮ ಕೆಲಸ. ಸರ್ ಅವರ ಐಎಂಎಸ್‌ಎಲ್ ಪಾಠ ಇಲ್ಲೂ ನಡೆಯುತ್ತೆ. ಥ್ರೆಡ್‌ಗಳಿದ್ರೆ ಹ್ಯಾಂಡ್ಲರನ್ನ ಶುರುವಿನಲ್ಲೇ ಒಂದು ಸಲ ಇಟ್ಟುಬಿಡಿ, ನಡುವೆ ಬದಲಿಸಬೇಡಿ.

ಎರಡು, ಇದು ಬೇಸರದ ಸಲಹೆ: ಬರೀ ಎಕ್ಸ್‌ಪ್‌ಗೆ ಜಿಎಸ್‌ಎಲ್ ಯಾಕೆ ಬೇಕು? ಸಿ ಭಾಷೆಯಲ್ಲೇ ಎಕ್ಸ್‌ಪ್ ಇದೆ. ಅದು ಮೈನಸ್ 745ರ ಆಸುಪಾಸಿನ ತನಕ ಅತಿ ಸಣ್ಣ ಸಂಖ್ಯೆ ಕೊಟ್ಟು, ಆಮೇಲೆ ಗಲಾಟೆ ಇಲ್ಲದೆ ಸೊನ್ನೆ ಕೊಡುತ್ತೆ.

ನಂಪೈ ಕಡೆ: ಹುಳ ಸಿಕ್ಕಿದ ಮೇಲೆ ಸೆಟ್‌ಎರ್ ಅನ್ನೋದನ್ನ ಫೈಲಿನ ತಲೆಯಲ್ಲಿ ಇಡಲೇಬೇಡಿ. ಅದು ನಿಮ್ಮ ಕೋಡಿಗೆ ಮಾತ್ರ ಅಲ್ಲ, ಆಮೇಲೆ ಕರೆಯೋ ಎಲ್ಲರ ಕೋಡಿಗೂ ತಗಲುತ್ತೆ. ನಿಜವಾಗಲೂ ಸೊನ್ನೆ ಬರಬಹುದಾದ ಎರಡು ಸಾಲು ಇದ್ರೆ ಆ ಎರಡಕ್ಕೆ ಮಾತ್ರ ಬೇಲಿ ಹಾಕಿ:

ವಿತ್ ಎನ್‌ಪಿ.ಎರ್‌ಸ್ಟೇಟ್(ಡಿವೈಡ್='ಇಗ್ನೋರ್'):

ಬೇಲಿಯಿಂದ ಹೊರಗೆ ಬಂದ ತಕ್ಷಣ ಹಳೇ ವ್ಯವಸ್ಥೆ ತಾನಾಗೇ ವಾಪಸ್. ಮತ್ತೆ, ಕೆಲಸವನ್ನ ಹಲವು ಪ್ರೊಸೆಸ್‌ಗಳಿಗೆ ಹಂಚ್ತೀರಾ? ವಿಂಡೋಸ್‌ನಲ್ಲಿ ಹೊಸ ಪ್ರೊಸೆಸ್ ಖಾಲಿ ತಲೆಯಿಂದ ಶುರುವಾಗುತ್ತೆ. ಮೇನ್ ಭಾಗದೊಳಗೆ ನೀವು ಇಟ್ಟ 'ರೇಸ್' ಅದಕ್ಕೆ ಗೊತ್ತೇ ಇರಲ್ಲ. ನಾನು ಒಮ್ಮೆ ಇದಕ್ಕೇ ಎರಡು ದಿನ ಕಳೆದಿದೀನಿ.

ಇಳಿಯೋ ಸ್ಟಾಪ್ ಬಂತು.

ಎಂಟೆಕ್_ಹುಡುಗಿ · ಮಂಗಳವಾರ, ರಾತ್ರಿ 8:02

ಅಕ್ಕ, ನಾನು ಎನ್‌ಪಿ.ವೇರ್(ಎಕ್ಸ್ > 0, ಎನ್‌ಪಿ.ಲಾಗ್(ಎಕ್ಸ್), 0) ಅಂತ ಬರೀತೀನಿ. ಸೊನ್ನೆಗೆ ಲಾಗ್ ತಗೊಳ್ಳಬೇಡ ಅಂತ ಹೇಳಿದ ಹಾಗೇ ಆಯ್ತಲ್ಲ? ಆದ್ರೂ ಎಚ್ಚರಿಕೆ ಬರುತ್ತೆ.

ಹಿಂಜವಡಿ_ಅಕ್ಕ · ಮಂಗಳವಾರ, ರಾತ್ರಿ 9:15

ಹಾಗೆ ಹೇಳಿದಂತೆ ಆಗಲ್ಲ ಪುಟ್ಟಿ. ವೇರ್ ಕೈಗೆ ಹೋಗೋ ಮೊದಲೇ ಲಾಗ್ ಎಲ್ಲ ಸಂಖ್ಯೆಗೂ ಲೆಕ್ಕ ಆಗಿಹೋಗಿರುತ್ತೆ, ವೇರ್ ಬರೀ ಆರಿಸುತ್ತೆ. ಲಾಗ್‌ಗೇ ವೇರ್= ಅಂತ ಷರತ್ತು ಕೊಡಿ, ಜೊತೆಗೆ ಔಟ್= ಅಂತ ಮೊದಲೇ ತುಂಬಿದ ಸಂಖ್ಯೆಗಳ ಸಾಲನ್ನೂ ಕೊಡಿ. ಔಟ್ ಮರೆತರೆ ಷರತ್ತು ಒಪ್ಪದ ಜಾಗದಲ್ಲಿ ಮೆಮೊರಿಯ ಕಸ ಇರುತ್ತೆ. ಔಟ್‌ನಲ್ಲಿ ಸೊನ್ನೆ ತುಂಬಬೇಡಿ, ನ್ಯಾನ್ ('ಇದು ಸಂಖ್ಯೆಯೇ ಅಲ್ಲ' ಅನ್ನೋ ಗುರುತು) ತುಂಬಿ. ಸೊನ್ನೆ ತುಂಬಿದ್ರೆ ಏನಾಗುತ್ತೆ ಅಂತ ಬೆಳಿಗ್ಗೆಯಿಂದ ನೋಡ್ತಾ ಇದೀವಲ್ಲ.

ಕೋಥರೂಡ್‌ಕರ · ಬುಧವಾರ, ಮಧ್ಯಾಹ್ನ 1:10

ಸರ ಹೇಳಿದ್ದು ಖರೇ. ಎರಡೇ ವರ್ಷ. ಆ ಎರಡೂ ವರ್ಷ ಆ ಕೇಂದ್ರದ ಕಾಲಂ ಪೂರ್ತಿ ಖಾಲಿ ಅದ. ಫೈಲ್ ಓದಿದ ಕೂಡ್ಲೇ ಫಿಲ್‌ಎನ್‌ಎ(0) ಅಂತ ಮಾಡ್ಯಾರ, ಖಾಲಿ ಇದ್ದದ್ದೆಲ್ಲ ಸೊನ್ನಿ. ಆ ಸಾಲು ತಗದೆ, ನ್ಯಾನ್_ಟು_ನಮ್ ತಗದೆ, ಆ ಎರಡು ವರ್ಷ ಬಿಟ್ಟೆ. ಈಗ 331 ಮಿಮೀ. 'ರೇಸ್' ಇಟ್ಟು ಓಡಿಸಿದರೂ ಎಲ್ಲೂ ನಿಂದ್ರಂಗಿಲ್ಲ. ಸಿ ಪ್ರೋಗ್ರಾಮಿಗೆ ಅಕ್ಕ ಹೇಳಿದ ಹ್ಯಾಂಡ್ಲರ್ ಹಾಕೀನಿ, ಸೆಪ್ಟೆಂಬರ್ 30ರ ತನಕಾ ಓಡ್ತದ.

ಎಲ್ಲಾರಿಗೂ ಒಂದೊಂದು ಪ್ಲೇಟ್ ಮಿಸಳ್ ಬಾಕಿ ನನ್ನ ಕಡಿಂದ. ವಿಷಯ ಮುಗೀತು ಅನಸ್ತದ.

ಹಳೇ_ಫೋರ್ಟ್ರಾನ್ · ಬುಧವಾರ, ಮಧ್ಯಾಹ್ನ 2:45

ಮಿಸಳ್ ಆಮೇಲೆ ತಿನ್ನೋಣ. ಮುಗಿದಿಲ್ಲ.

ಎರಡು ವರ್ಷ ಪೂರ್ತಿ ಖಾಲಿ ಇದ್ದ ಕೇಂದ್ರದಲ್ಲಿ ಉಳಿದ 28 ವರ್ಷ ಒಂದು ದಿನವೂ ತಪ್ಪದೆ ತುಂಬಿತ್ತು ಅಂತ ನಂಬಲೇ? 'ರೇಸ್' ಇಟ್ಟರೂ ನಿಲ್ಲಲಿಲ್ಲ ಅಂತ ಸಮಾಧಾನ ಪಡಬೇಡ. ಆ ಬಾವುಟ ಏಳುವುದು ನ್ಯಾನ್ *ಹುಟ್ಟುವಾಗ* ಮಾತ್ರ. ಮೊದಲೇ ಡೇಟಾದಲ್ಲಿ ಕೂತ ನ್ಯಾನ್ ಲಾಗ್‌ನೊಳಗೆ ಹೋಗಿ ನ್ಯಾನ್ ಆಗಿಯೇ ಹೊರಬರುತ್ತದೆ, ಯಾವ ಬಾವುಟವೂ ಏಳುವುದಿಲ್ಲ. ಮಾನಕವೇ ಹಾಗೆ. ಇನ್ನು ನೀನು ಗರಿಷ್ಠ ತೆಗೆಯುತ್ತಿರುವುದು ಟೇಬಲ್ ಲೆಕ್ಕದ ಲೈಬ್ರರಿಯಾದ ಪಾಂಡಾಸ್‌ನಲ್ಲಿ. ಅದರ ಮ್ಯಾಕ್ಸ್ ಹೇಳದೆ ಕೇಳದೆ ನ್ಯಾನ್‌ಗಳನ್ನು ಬಿಟ್ಟು ಉಳಿದದ್ದರಲ್ಲಿ ದೊಡ್ಡದನ್ನು ಕೊಡುತ್ತದೆ. ಜುಲೈಯಲ್ಲಿ ಹತ್ತು ದಿನ ಅಳತೆ ಇಲ್ಲದಿದ್ದರೆ ಆ ವರ್ಷದ 'ಅತಿ ಹೆಚ್ಚು' ಆಗಸ್ಟ್‌ನ ಯಾವುದೋ ಸಾಧಾರಣ ದಿನ ಆಗುತ್ತದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪ್ರತಿ ವರ್ಷ ಎಷ್ಟು ದಿನ ಖಾಲಿ ಅಂತ ಎಣಿಸಿ ಹಾಕು. ಪುಣೆಯಲ್ಲಿ ನೀರಿನ ಲೆಕ್ಕ ಮಾಡುವವರು 1961ರ ಜುಲೈ 12 ಮರೆಯಬಾರದು. ಅವತ್ತು ಪಾನಶೇತ್ ಅಣೆಕಟ್ಟು ಒಡೆದು ನೀರು ಊರೊಳಗೆ ಬಂದದ್ದನ್ನು ಹೇಳುವ ಹಿರಿಯರು ಈಗಲೂ ನಮ್ಮ ಪೇಟೆಗಳಲ್ಲಿ ಸಿಗುತ್ತಾರೆ.

ಹುತಾತ್ಮಾ_ಎಕ್ಸ್‌ಪ್ರೆಸ್ · ಬುಧವಾರ, ಸಂಜೆ 6:20

ನಾನು ಕೋಡ್ ಬರಿಯೋ ಮನುಷ್ಯ ಅಲ್ಲರಿ, ಸೋಲಾಪುರದವ, ಬರೀ ಓದಾಕ ಬರ್ತೀನಿ. ಆದರ ಮಳಿ ರಜಿಸ್ಟರ್ ಭಾಳ ನೋಡೀನಿ, ನಮ್ಮ ಕಾಕಾ ಅಳತಿ ಬರಿಯೋ ಕೆಲಸ ಮಾಡ್ತಿದ್ರು.

ರಜಿಸ್ಟರಿನ್ಯಾಗ ಮರಾಠಿಯೊಳಗ 'ಪಾವಸಾಚೀ ನೋಂದ್ ನಾಹೀ' ಅಂತ ಬರೀತಾರ. ಅದಕ್ಕ ಎರಡು ಅರ್ಥ ಆಗ್ತಾವು. ಮಳಿ ಬರಲಿಲ್ಲ ಅಂತಲೂ ಆಗ್ತದ, ನಾ ಅಳತಿ ಬರೀಲಿಲ್ಲ ಅಂತಲೂ ಆಗ್ತದ. ಕಾಕಾ ಹೇಳತಿದ್ರು, ಮಳಿ ಇಲ್ಲದ ದಿನ ಅಳತಿ ತಪ್ಪೂದು ಕಡಿಮಿ, ಮಳಿ ಜಗ್ಗಿ ಬಂದು ರಸ್ತಾ ಕೊಚ್ಚಿ ಹೋದ ದಿನಾನೇ ತಪ್ಪತದ ಅಂತ. ನಿಮ್ಮ ಖಾಲಿ ದಿನಗಳು ಯಾವ ಜಾತಿ ಅಂತ ನೋಡ್ಕೋರಿ.

ಹಿಂಜವಡಿ_ಅಕ್ಕ · ಬುಧವಾರ, ಸಂಜೆ 6:48

ನಮಸ್ಕಾರ ನಿಮಗೆ. ಈ ಚರ್ಚೆಯಲ್ಲಿ ನಾನು ಬರೆದದ್ದೆಲ್ಲ ಸೇರಿದ್ರೂ ಇದರ ಸಮ ಅಲ್ಲ.

ಕೋಥರೂಡ್‌ಕರ · ಗುರುವಾರ, ರಾತ್ರಿ 10:30

ಎಣಿಸಿದೆ. ಒಂಬತ್ತನೇ ಕೇಂದ್ರದಾಗ 28 ವರ್ಷದೊಳಗ 6 ವರ್ಷ ಜುಲೈ ಒಂದರಾಗೇ 5 ದಿನಕ್ಕಿಂತ ಹೆಚ್ಚು ಖಾಲಿ. ಬಾಜೂ ಕೇಂದ್ರದ ಜೋಡಿ ಹಚ್ಚಿ ನೋಡಿದೆ. ಒಂಬತ್ತು ಖಾಲಿ ಇದ್ದ ದಿನ ಬಾಜೂದ್ದು 180, 210 ಹಿಂಗ ಅದ. ಸೋಲಾಪುರದ ಅಣ್ಣಾರ ಕಾಕಾ ಹೇಳಿದಂಗೇ. ಆ 6 ವರ್ಷ ಬಿಟ್ಟು ಲೆಕ್ಕ ಹಾಕಿದ್ರ 331 ಇದ್ದದ್ದು 368 ಆಗ್ತದ. ಉಳಿದ ಕೇಂದ್ರದಾಗೂ ನಾಕರಾಗ ಇದೇ ಕಥಿ. 'ಸರಿ ಬಂದಾವು' ಅಂತ ಮೊದಲ ದಿನ ಬರದಿದ್ದೆ ನೋಡ್ರಿ, ಆ 13ರೊಳಗಿನವೇ.

ಈಗ ಮಾಡಿದ್ದು: ಫೈಲ್ ಓದಿದ ಕೂಡ್ಲೇ ಖಾಲಿ ದಿನ ಎಣಿಸೋ ಒಂದು ಫಂಕ್ಷನ್. ಮಳಿಗಾಲದಾಗ 5 ದಿನಕ್ಕಿಂತ ಹೆಚ್ಚು ಖಾಲಿ ಇದ್ದ ವರ್ಷ ಲೆಕ್ಕಕ್ಕ ಹಿಡಿಯಂಗಿಲ್ಲ, ಸಂದೇಶ ಬರೀತದ. ಮ್ಯಾಕ್ಸ್‌ಗೆ ಸ್ಕಿಪ್‌ಎನ್‌ಎ=ಫಾಲ್ಸ್ ಕೊಟ್ಟೀನಿ, ಖಾಲಿ ಇದ್ರ ಅಲ್ಲೇ ನ್ಯಾನ್ ಬರಲಿ ಅಂತ. 5 ದಿನದೊಳಗ ಖಾಲಿ ಇದ್ದ ವರ್ಷಕ್ಕ ಬಾಜೂ ಕೇಂದ್ರ ನೋಡಿ ಕೈಯಾರೆ ತುಂಬತೀನಿ, ತುಂಬಿದ್ದಕ್ಕ ಗುರುತು ಹಾಕ್ತೀನಿ. ಎಚ್ಚರಿಕಿಗಳೆಲ್ಲ ಲಾಗಿಂಗ್.ಕ್ಯಾಪ್ಚರ್‌ವಾರ್ನಿಂಗ್ಸ್ ಹಚ್ಚಿ ಫೈಲಿಗೆ ಹೊಡದೀನಿ.

ಸಂದೇಶ ಹಿಂಗ ಬರ್ತಾವು:

ಕೇಂದ್ರ 9, ವರ್ಷ 12: ಜುಲೈನಲ್ಲಿ 11 ದಿನ ಅಳತೆ ಇಲ್ಲ. ಈ ವರ್ಷ ಕೈಬಿಟ್ಟಿದೆ.
ಕೇಂದ್ರ 9, ವರ್ಷ 17: ಇಡೀ ವರ್ಷ ಅಳತೆ ಇಲ್ಲ. ಈ ವರ್ಷ ಕೈಬಿಟ್ಟಿದೆ.
ಕೇಂದ್ರ 4, ವರ್ಷ 21: ಆಗಸ್ಟ್‌ನಲ್ಲಿ 3 ದಿನ ಮಳೆ ದಾಖಲಾಗಿಲ್ಲ. ಪರಿಶೀಲಿಸಿ.

ಸಾಹೇಬ್ರಿಗೆ ತೋರಿಸಿದೆ. '2,137 ಚಲೋ ಇತ್ತಲ್ಲೋ, ಸೇತುವೆ ಗಟ್ಟಿ ಆಗ್ತಿತ್ತು' ಅಂದ್ರು. ನಗಬೇಕೋ ಅಳಬೇಕೋ ತಿಳೀಲಿಲ್ಲ.

ಎಂಟೆಕ್_ಹುಡುಗಿ · ಗುರುವಾರ, ರಾತ್ರಿ 10:52

ಮಿಸಳ್ ಲೆಕ್ಕದಲ್ಲಿ ನಾನೂ ಇದೀನಿ ತಾನೇ?

ಹಳೇ_ಫೋರ್ಟ್ರಾನ್ · ಶುಕ್ರವಾರ, ಬೆಳಿಗ್ಗೆ 6:40

ಸಂದೇಶಗಳು ಚಲೋ ಇವೆ. ಎಲ್ಲಿ, ಯಾವಾಗ, ಎಷ್ಟು, ಏನು ಮಾಡಿದೆ ಎಲ್ಲ ಇದೆ. ಆದರೆ ಮೂರನೆಯ ಸಾಲು ಮತ್ತೊಮ್ಮೆ ಓದು. 'ಮಳೆ ದಾಖಲಾಗಿಲ್ಲ' ಅಂತ ಬರೆದಿದ್ದೀ.

ಕೋಥರೂಡ್‌ಕರ · ಶುಕ್ರವಾರ, ಬೆಳಿಗ್ಗೆ 9:05

ಅಯ್ಯ! ಬದಲಿಸಿದೆ ಸರ. 'ಅಳತೆ ಇಲ್ಲ' ಅಂತ ಮಾಡೀನಿ.